ಐರೋಲಿ ಖಾಡಿ: ಭರಾವದ ದಿನಗಳು, ಹಕ್ಕಿಯ ದಿನಗಳು

ಕಮಲಾಪುರದ ಕಡೆಯವರಿಗೆ ಸಮುದ್ರ ಎಂದರೆ ಮುಂಬೈ. ಕಾರವಾರವೂ ಉಡುಪಿಯೂ ನಮ್ಮ ರಾಜ್ಯದಲ್ಲೇ ಇವೆ. ಆದರೆ ಅಲ್ಲಿಗೆ ಹೋಗಬೇಕೆಂದರೆ ಬಸ್ಸು ಬದಲಿಸಿ, ರಾತ್ರಿಯೆಲ್ಲ ಕೂತು, ಘಟ್ಟ ಇಳಿಯಬೇಕು. ಕಲಬುರಗಿ ಸ್ಟೇಷನ್ನಿನಲ್ಲಿ ರೈಲು ಹತ್ತಿದವನು ಸೀಟು ಸಿಗದಿದ್ದರೂ ಬಾಗಿಲ ಬಳಿ ಗಂಟು ಇಟ್ಟುಕೊಂಡು ಕೂತು ಕಲ್ಯಾಣ ಮುಟ್ಟುತ್ತಾನೆ. ಸೊಲ್ಲಾಪುರ, ದೌಂಡ, ಪುಣೆ ದಾಟಿ ಮುಂಬೈಗೆ ಸುಮಾರು 570 ಕಿ.ಮೀ. ನಮ್ಮ ಸುತ್ತಿನ ಹಳ್ಳಿ, ತಾಂಡಾಗಳ ಮಂದಿ ತಲೆಮಾರುಗಳಿಂದ ಹೋಗುತ್ತ ಬರುತ್ತ ಇರುವುದು ಈ ಹಳಿಯ ಮೇಲೆಯೇ. ತೊಗರಿ ಕಟಾವು ಮುಗಿದ ಮೇಲೆ ಗುಳೆ, ಶರಣಬಸವೇಶ್ವರ ಜಾತ್ರೆಗೆ ವಾಪಸ್ಸು, ಜಾತ್ರೆ ಮುಗಿದರೆ ಮತ್ತೆ ಗುಳೆ. ನಮ್ಮವರು ಸಮುದ್ರ ನೋಡಿದ್ದು ದುಡಿಯಲು ಹೋದಾಗ. ನೋಡುವುದಕ್ಕೆಂದೇ ಹೋದವರು ನನ್ನ ಮುಂಚಿನವರಲ್ಲಿ ಯಾರೂ ಇರಲಿಲ್ಲ.

ನಾನು ಹೋದದ್ದು 1987ರ ಬರದ ಮರುವರ್ಷ. ಪಿಯುಸಿ ಮುಗಿದಿತ್ತು, ಹೊಲದಲ್ಲಿ ಏನೂ ಬಂದಿರಲಿಲ್ಲ. ಕಾಕಾ ಆಗಲೇ ಹಲವು ವರ್ಷ ಮುಂಬೈ ಕಡೆ ದುಡಿದು ಮೇಸ್ತ್ರಿಯಾಗಿದ್ದ. ಅವನ ಜೊತೆ ಕಲ್ಯಾಣದಲ್ಲಿ ಇಳಿದು, ಲೋಕಲ್ ಹಿಡಿದು ಠಾಣೆಗೆ ಬಂದು, ಅಲ್ಲಿಂದ ಕಳವಾ ಸೇತುವೆ ದಾಟಿ ಬೇಲಾಪುರ ರಸ್ತೆಯ ಬಸ್ಸಿನಲ್ಲಿ ಐರೋಲಿ ಸೇರಿದೆ. ಇವತ್ತು ಐರೋಲಿಗೆ ರೈಲು ಇದೆ, ಮುಲುಂಡಿನಿಂದ ನೇರ ಸೇತುವೆಯೂ ಇದೆ. ಆಗ ಎರಡೂ ಇರಲಿಲ್ಲ. ಸೇತುವೆ ಆದದ್ದು 1999ರಲ್ಲಿ, ರೈಲು ಬಂದದ್ದು 2004ರಲ್ಲಿ. ರಸ್ತೆಯ ಒಂದು ಕಡೆ ಪಾರಸಿಕ ಗುಡ್ಡದ ಸಾಲು, ಅದರ ಬುಡದಲ್ಲಿ ಕೆಮಿಕಲ್ ಕಾರ್ಖಾನೆಗಳು. ಇನ್ನೊಂದು ಕಡೆ ಕೆಸರು, ಗಿಡ, ನೀರು. ಆ ನೀರಿಗೆ ಅಲ್ಲಿನವರು ಖಾಡಿ ಎನ್ನುತ್ತಿದ್ದರು, ನಾವೂ ಹಾಗೇ ಎಂದೆವು. ನನಗೆ ಮೊದಲು ಕಂಡ ಸಮುದ್ರ ಅದೇ. ಅಲೆ ಇಲ್ಲ, ಮರಳು ಇಲ್ಲ. ದಿನಕ್ಕೆರಡು ಬಾರಿ ಏರಿ, ಎರಡು ಬಾರಿ ಇಳಿದು ಕಪ್ಪು ಕೆಸರನ್ನು ಹೊರಗೆ ಬಿಡುವ ನೀರು.

ನಮ್ಮದು ಭರಾವದ, ಎಂದರೆ ಕೆಸರು ತುಂಬುವ ಕೆಲಸ. ನವಿ ಮುಂಬೈ ಎಂಬ ಊರನ್ನು ಕಟ್ಟುವ ತೀರ್ಮಾನ ಎಪ್ಪತ್ತರ ದಶಕದ ಆರಂಭದಲ್ಲೇ ಆಗಿತ್ತು. ನಾವು ಹೋದ ಹೊತ್ತಿಗೆ ಐರೋಲಿಯ ಸೆಕ್ಟರುಗಳು ಒಂದೊಂದಾಗಿ ಏಳುತ್ತಿದ್ದವು. ಗುಡ್ಡದ ಖಾಣಿಗಳಿಂದ ಟ್ರಕ್ಕುಗಳು ಮುರುಮ ತಂದು ಸುರಿಯುತ್ತಿದ್ದವು. ಅದನ್ನು ಬುಟ್ಟಿಯಲ್ಲಿ ಹೊತ್ತು ಕೆಸರಿನ ಮೇಲೆ ಹರಡುವುದು, ದಮ್ಮಸ್ಸು ಮಾಡುವುದು, ನೀರು ಹೊಡೆಯುವುದು. ಖಾಣಿಯಲ್ಲಿ ಕಲ್ಲು ಒಡೆಯುವವರಲ್ಲೂ ನಮ್ಮ ಕಡೆಯ ಕುಟುಂಬಗಳಿದ್ದವು. ಮೊದಲ ದಿನ ಟ್ರಕ್ಕಿನಿಂದ ಬಿದ್ದ ಕರಿಗಲ್ಲೊಂದನ್ನು ಕಾಕಾ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದು ನಮ್ಮ ಹೊಲದ ಕಲ್ಲೇ ಅದ ನೋಡು" ಎಂದ. ಅವನು ಹೇಳಿದ್ದು ನಿಜವೇ. ದಖ್ಖನದ ಲಾವಾ ಹಾಸು ಮುಂಬೈ ದಂಡೆಯಿಂದ ಹೊರಟು ನಮ್ಮ ಕಲಬುರಗಿಯ ಕರಿಮಣ್ಣಿನ ಅಡಿಯವರೆಗೂ ಹರಡಿದೆ ಎಂದು ನಾನು ಓದಿ ತಿಳಿದದ್ದು ಬಹಳ ವರ್ಷಗಳ ಮೇಲೆ.

ಕೆಸರಿನಲ್ಲಿ ಬರಿಗಾಲಲ್ಲಿ ನಡೆಯುವಂತಿರಲಿಲ್ಲ. ಅಲ್ಲಿನ ಗಿಡಗಳ ಬೇರು ಮಣ್ಣಿನಿಂದ ಮೇಲಕ್ಕೆ, ಬೆರಳುದ್ದ, ಗೇಣುದ್ದ, ನೆಟ್ಟಗೆ ಎದ್ದು ನಿಂತಿರುತ್ತವೆ. "ತಮ್ಮಾ, ಕಾಲ ನೋಡಿ ಇಡು. ಮೊಳಿ ನೆಟ್ಟಂಗ ಅದಾವ" ಎಂದು ಕಾಕಾ ದಿನಾ ಬೆಳಿಗ್ಗೆ ಎಚ್ಚರಿಸುತ್ತಿದ್ದ. ಈ ಕಾಂಡ್ಲಾ ಗಿಡ (ಮ್ಯಾಂಗ್ರೋವ್) ಉಸಿರಾಡುವುದೇ ಆ ಬೇರುಗಳಿಂದ. ಉಪ್ಪು ಕೆಸರಿನೊಳಗೆ ಗಾಳಿ ಇಲ್ಲದ್ದರಿಂದ ಬೇರು ಮೇಲೆ ಬಂದು ಗಾಳಿ ಹಿಡಿಯುತ್ತದೆ. ನಮಗೆ ಅದು ಕಾಲಿಗೆ ಚುಚ್ಚುವ ಮುಳ್ಳು, ಅಷ್ಟೇ. ಗಾಯವಾದರೆ ಉಪ್ಪು ನೀರಿನಲ್ಲಿ ಬೇಗ ಮಾಯುತ್ತಿರಲಿಲ್ಲ. ಮುರುಮ ಬಿದ್ದು ಬೇರಿನ ತುದಿಗಳು ಮುಚ್ಚಿದ ಕೆಲವು ವಾರಗಳಿಗೆ ಗಿಡದ ಎಲೆ ಹಳದಿಯಾಗುತ್ತಿತ್ತು. ಕಡಿಯುವ ಕೆಲಸವೇ ಉಳಿಯುತ್ತಿರಲಿಲ್ಲ. ಒಣಗಿದ ಮೇಲೆ ಹೆಣ್ಣುಮಕ್ಕಳು ಒಲೆಗೆ ಒಯ್ಯುತ್ತಿದ್ದರು.

ತಗಡಿನ ಖೋಲಿಗಳು, ಟ್ಯಾಂಕರಿನ ನೀರು, ಊರಿಂದ ಚೀಲದಲ್ಲಿ ತಂದ ಜೋಳದ ಹಿಟ್ಟು. ಸಂಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಗಾಳಿ ಕಾರ್ಖಾನೆ ಕಡೆಯಿಂದ ಬಂದರೆ ಕಣ್ಣು ಉರಿಯುತ್ತಿತ್ತು, ಖಾಡಿ ಕಡೆಯಿಂದ ಬಂದರೆ ಕೊಳೆತ ಮೊಟ್ಟೆಯ ವಾಸನೆ. ನಾಲೆಯ ನೀರು ಕೆಲವು ದಿನ ಕೆಂಪಗೆ, ಕೆಲವು ದಿನ ಹಸಿರಾಗಿ ಹರಿದು ಖಾಡಿ ಸೇರುವುದನ್ನು ನಾನೇ ನೋಡಿದ್ದೇನೆ. ಯಾರೂ ಅದನ್ನು ವಿಶೇಷವಾಗಿ ಮಾತಾಡುತ್ತಿರಲಿಲ್ಲ. ನಮಗೆ ಕೂಲಿ ಸರಿಯಾಗಿ ಕೈಗೆ ಬರುವುದೇ ದೊಡ್ಡ ಮಾತಾಗಿತ್ತು. ಒಬ್ಬ ಠೇಕೆದಾರ ಒಂದು ಇಡೀ ಹಂಗಾಮಿನ ಕೂಲಿ ಅರ್ಧ ಕೊಟ್ಟು ಮಾಯವಾದ. ಆ ವರ್ಷ ನಮ್ಮ ಗುಂಪಿನ ಅರ್ಧಕ್ಕರ್ಧ ಮಂದಿ ಜಾತ್ರೆಗೆ ಊರಿಗೆ ಬರಲಿಲ್ಲ.

ಆ ಕೆಸರಿನಲ್ಲಿ ನಾನು ಕೂತು ನೋಡುತ್ತಿದ್ದದ್ದು ಒಂದೇ ಜೀವಿಯನ್ನು. ನೀರು ಇಳಿದ ಹೊತ್ತಿನಲ್ಲಿ ಕೆಸರಿನ ಮೇಲೆ ಬೆರಳುದ್ದದ ಮೀನುಗಳು ನಡೆಯುತ್ತಿದ್ದವು. ಈಜುತ್ತಿರಲಿಲ್ಲ, ನಡೆಯುತ್ತಿದ್ದವು. ಮುಂದಿನ ಎರಡು ರೆಕ್ಕೆಗಳನ್ನು ಊರಿ ಮೈ ಎಳೆದುಕೊಂಡು ಒಂದಿಷ್ಟು ದೂರ ಹೋಗಿ, ಬಾಲ ಮಡಚಿ ಚಿಮ್ಮಿ ಇನ್ನೊಂದಿಷ್ಟು ದೂರ. ಕಣ್ಣುಗಳು ತಲೆಯ ಮೇಲೆ ಗುಳ್ಳೆಯ ಹಾಗೆ ಎದ್ದಿರುತ್ತಿದ್ದವು. ಆಗಾಗ ಒಂದು ಕಣ್ಣು ಒಳಗೆ ಹೋಗಿ ತೇವವಾಗಿ ಮತ್ತೆ ಮೇಲೆ ಬರುತ್ತಿತ್ತು. ಎರಡು ಎದುರಾದರೆ ಬೆನ್ನಿನ ರೆಕ್ಕೆ ಬಿಚ್ಚಿ ಬಾಯಿ ತೆರೆದು ನಿಲ್ಲುತ್ತಿದ್ದವು. ನೆರಳು ಬಿದ್ದರೆ ಸಾಕು, ಎರಡೂ ಬಿಲದೊಳಗೆ. ಮೀನುಗಾರರ ಕೇರಿಯಾದ ದಿವಾ ಕೋಳಿವಾಡದ ಹೆಂಗಸರು ಇವುಗಳನ್ನು ನಿವಟಿ ಎನ್ನುತ್ತಿದ್ದರು. ಮೊಣಕಾಲಿನವರೆಗೆ ಸೀರೆ ಕಟ್ಟಿ ಕೆಸರಿಗಿಳಿದು, ಬಿಲದ ಎರಡನೇ ಬಾಯಿ ಯಾವುದೆಂದು ಹುಡುಕಿ ಅಲ್ಲೊಂದು ಹಿಮ್ಮಡಿ ಒತ್ತಿ, ಮೊದಲ ಬಾಯಿಯಲ್ಲಿ ಕೈ ಹಾಕಿ ಹಿಡಿಯುತ್ತಿದ್ದರು. ಬುಟ್ಟಿ ತುಂಬಿದರೆ ಠಾಣೆ ಬಜಾರಿಗೆ. ಅವರಲ್ಲೊಬ್ಬ ಮುದುಕಿ ಕಾಕಾನಿಗೆ ಪರಿಚಯ. ಅವನು ಊರಿಂದ ಬರುವಾಗ ಕಮಲಾಪುರದ ಕೆಂಪು ಬಾಳೆಹಣ್ಣು ತಂದು ಅವಳಿಗೊಂದು ಚಿಪ್ಪು ಕೊಡುತ್ತಿದ್ದ. ಆ ಬಾಳೆ ಗೊನೆ ಕೊಯ್ಲಿಗೆ ಬರಲು ಒಂದೂವರೆ ವರ್ಷ ಬೇಕು ಎಂದರೆ ಅವಳು ನಂಬುತ್ತಿರಲಿಲ್ಲ. ಅಷ್ಟು ಕಾದರೆ ನಾವು ಉಪವಾಸ ಸಾಯ್ತೀವಿ ಎನ್ನುತ್ತಿದ್ದಳು.

ಆಗ ಖಾಡಿಯಲ್ಲಿ ಬೆಳ್ಳಕ್ಕಿ ಇದ್ದವು, ಚಳಿಗಾಲದಲ್ಲಿ ಬಿಳಿ ಕಡಲಹಕ್ಕಿಗಳು ಬರುತ್ತಿದ್ದವು. ರಾಜಹಂಸ (ಫ್ಲೆಮಿಂಗೊ) ನಾನು ಒಂದೂ ನೋಡಲಿಲ್ಲ. ಈಗ ಹೇಳಿದರೆ ಅಲ್ಲಿನ ಹುಡುಗರಿಗೆ ನಂಬಿಕೆ ಬರುವುದಿಲ್ಲ. ಮುಂಬೈಗೆ ಈ ಹಕ್ಕಿ ದೊಡ್ಡ ಸಂಖ್ಯೆಯಲ್ಲಿ ಬರತೊಡಗಿದ್ದೇ ತೊಂಬತ್ತರ ದಶಕದಲ್ಲಿ, ಮೊದಲು ಶಿವಡಿಯ ಕೆಸರುಬಯಲಿಗೆ, ಆಮೇಲೆ ಮೇಲಕ್ಕೆ ಠಾಣೆಯ ಕಡೆಗೆ. ಅಷ್ಟರಲ್ಲಿ ನಾನು ಮುಂಬೈ ಬಿಟ್ಟು ಕಲಬುರಗಿಗೆ ಬಂದು, ಓದು ಮುಂದುವರಿಸಿ, ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ಐರೋಲಿಯಲ್ಲಿ ಗುಲಾಬಿ ಹಕ್ಕಿ ಬಂದಿವೆ ಎಂದು ಕಾಕಾ ಒಮ್ಮೆ ರಜೆಗೆ ಬಂದಾಗ ಹೇಳಿದ. ಯಾವುದೋ ಬಣ್ಣದ ನೀರು ಕುಡಿದು ಹಾಗಾಗಿರಬೇಕು ಎಂದು ಮನೆಯಲ್ಲಿ ಎಲ್ಲರೂ ತೀರ್ಮಾನಿಸಿದರು.

ಮನೆಯವರ ಆ ತೀರ್ಮಾನ ಪೂರ್ತಿ ತಪ್ಪೂ ಅಲ್ಲ. ರಾಜಹಂಸ ಹುಟ್ಟುವಾಗ ಬೂದು ಬಣ್ಣ. ಅದರ ಗುಲಾಬಿ ಬಣ್ಣ ಬರುವುದು ತಿನ್ನುವ ಪಾಚಿ ಮತ್ತು ಸಣ್ಣ ಸಿಗಡಿಯಂಥ ಜೀವಿಗಳಿಂದ. ಖಾಡಿಯಲ್ಲಿ ಆ ಪಾಚಿ ಯಾಕೆ ಅಷ್ಟು ಬೆಳೆಯಿತು ಎಂಬುದಕ್ಕೆ ಪಕ್ಷಿತಜ್ಞರು ಕೊಡುವ ವಿವರಣೆ ಸುಂದರವಾದದ್ದಲ್ಲ. ಎರಡೂ ದಂಡೆಯ ನಗರಗಳ ಚರಂಡಿ ನೀರು ದಶಕಗಳ ಕಾಲ ಖಾಡಿಗೆ ಸೇರಿ ಅದರಲ್ಲಿ ಸಾರಜನಕ, ರಂಜಕ ತುಂಬಿದವು. ಹೂಳು ಕೂತು ಕೆಸರುಬಯಲು ಅಗಲವಾಯಿತು. ಗೊಬ್ಬರ ಹೆಚ್ಚಾದ ನೀರಿನಲ್ಲಿ ನೀಲಿ-ಹಸಿರು ಪಾಚಿ ಬೆಳೆಯಿತು. ಅದನ್ನೇ ಸೋಸಿ ತಿನ್ನುವ ಸಣ್ಣ ರಾಜಹಂಸಗಳು ಕಛ್‌ನ ರಣದಿಂದ ಇಲ್ಲಿಗೆ ದಾರಿ ಹಿಡಿದವು. 2019ರ ಹೊತ್ತಿಗೆ ಮುಂಬೈ ಸುತ್ತಿನ ಗಣತಿಯಲ್ಲಿ ಲಕ್ಷಕ್ಕೂ ಮೀರಿ ಹಕ್ಕಿ ಎಣಿಕೆಗೆ ಸಿಕ್ಕವು. ಹೊಲಸು ಇದ್ದರೆ ಒಳ್ಳೆಯದು ಎಂದು ಇದರ ಅರ್ಥ ಮಾಡಿಕೊಳ್ಳುವವರಿದ್ದಾರೆ, ನಾನು ಒಪ್ಪುವುದಿಲ್ಲ. ಚರಂಡಿಯ ಗೊಬ್ಬರ ಬೇರೆ, ಕಾರ್ಖಾನೆಯ ವಿಷ ಬೇರೆ. ಅದೇ ನೀರು ಕೋಳಿವಾಡದವರ ಮೀನನ್ನು ಕೊಂದದ್ದೂ ಅಷ್ಟೇ ನಿಜ.

ಹಕ್ಕಿ ಬಂದ ಕೂಡಲೇ ಯಾರೂ ಖಾಡಿಯನ್ನು ಕಾಯಲು ಓಡಿ ಬರಲಿಲ್ಲ. ಮೊದಲು ಕಾನೂನು ಬಂತು, ಅದೂ ಹಕ್ಕಿಗಾಗಿ ಅಲ್ಲ. 2005ರ ಅಕ್ಟೋಬರಿನಲ್ಲಿ ಬಾಂಬೆ ಹೈಕೋರ್ಟು ರಾಜ್ಯದಲ್ಲಿ ಕಾಂಡ್ಲಾ ಕಡಿಯುವುದನ್ನು, ಅದರ ಮೇಲೆ ಮಣ್ಣು ಸುರಿಯುವುದನ್ನು ತಡೆಯಿತು. ಅದೇ ವರ್ಷದ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಬಿದ್ದು ಮುಂಬೈ ಮುಳುಗಿತ್ತು. ನೀರು ಹೋಗಲು ಜಾಗವಿಲ್ಲದಿದ್ದರೆ ಏನಾಗುತ್ತದೆ ಎಂದು ಊರಿಗೆಲ್ಲ ಗೊತ್ತಾಗಿತ್ತು. 2012ರಲ್ಲಿ ಮಹಾರಾಷ್ಟ್ರ ಅರಣ್ಯ ಇಲಾಖೆ ಕಾಂಡ್ಲಾ ಕಾಡಿಗೆಂದೇ ಪ್ರತ್ಯೇಕ ವಿಭಾಗ ತೆರೆಯಿತು. 2015ರ ಆಗಸ್ಟಿನಲ್ಲಿ ಐರೋಲಿ ಸೇತುವೆಗೂ ವಾಶಿ ಸೇತುವೆಗೂ ನಡುವೆ, ಖಾಡಿಯ ಪಶ್ಚಿಮ ದಂಡೆಗುಂಟ 16.905 ಚದರ ಕಿ.ಮೀ. ಜಾಗ ಠಾಣೆ ಖಾಡಿ ಫ್ಲೆಮಿಂಗೊ ಧಾಮವಾಯಿತು. ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಕಾಂಡ್ಲಾ ಕಾಡು, ಉಳಿದದ್ದು ನೀರು. ಮಹಾರಾಷ್ಟ್ರದಲ್ಲಿ 1987ರ ಮಾಲವಣ ಬಿಟ್ಟರೆ ಇದೇ ಎರಡನೇ ಸಾಗರ ಧಾಮ. ಸುತ್ತ 48 ಚದರ ಕಿ.ಮೀ. ಪರಿಸರ ಸೂಕ್ಷ್ಮ ವಲಯ 2021ರಲ್ಲಿ ಆಯಿತು, 2022ರ ಆಗಸ್ಟಿನಲ್ಲಿ ಎರಡೂ ಸೇರಿ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಹೋದವು. ಕಾಂಡ್ಲಾ ಮುಟ್ಟಿದರೆ ಕೇಸು ಎಂಬ ಭಯ ಮೊದಲು ಹುಟ್ಟಿದ್ದರಿಂದಲೇ ಧಾಮ ಮಾಡಲು ಜಾಗ ಉಳಿದಿತ್ತು. ಹಕ್ಕಿಯ ಚೆಲುವಿನಿಂದ ಈ ಕೆಸರು ಉಳಿಯಿತು ಎಂದು ಪ್ರವಾಸಿಗರಿಗೆ ಹೇಳುವುದನ್ನು ಕೇಳಿದ್ದೇನೆ. ವರ್ಷಗಳನ್ನು ಸಾಲಾಗಿ ಇಟ್ಟು ನೋಡಿದರೆ ಹಾಗೆ ಕಾಣುವುದಿಲ್ಲ.

ನನ್ನ ಮಗಳಿಗೆ ಐರೋಲಿಯ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಯಾವ ಊರು ಎಂದು ಅವಳು ಫೋನಿನಲ್ಲಿ ಹೇಳಿದಾಗ ನಾನು ಎರಡು ಸಲ ಕೇಳಿದೆ. ಅವಳ ಫ್ಲಾಟು ಇರುವ ಸೆಕ್ಟರು ನಾವು ಮುರುಮ ಹರಡಿದ ನೆಲವೇ ಆಗಿರಬಹುದು. ಖಚಿತ ಮಾಡಿಕೊಳ್ಳಲು ಗುರುತು ಒಂದೂ ಉಳಿದಿಲ್ಲ. ಹನ್ನೆರಡು ಮಹಡಿಯ ಕಟ್ಟಡ, ಗೇಟಿನಲ್ಲಿ ಕಾವಲು, ಹಿಂದೆ ಕಾಂಡ್ಲಾ ಕಾಡು, ಅದಕ್ಕೆ ತಂತಿ ಬೇಲಿ. ನಾವಿದ್ದಾಗ ಅಷ್ಟು ದಟ್ಟವಾದ ಗಿಡ ಇರಲಿಲ್ಲ ಎಂಬುದು ನನ್ನ ನೆನಪು.

ಐರೋಲಿಯಲ್ಲಿ ಈಗ ಅರಣ್ಯ ಇಲಾಖೆಯ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರ ಇದೆ. ಅಲ್ಲಿಂದ ಧಾಮದೊಳಗೆ ದೋಣಿ ಹೋಗುತ್ತದೆ. ಹೊತ್ತು ಗೊತ್ತುಮಾಡುವುದು ಭರತ ಇಳಿತ. ನೀರು ಪೂರ್ತಿ ಇಳಿದಿದ್ದರೆ ದೋಣಿ ಕೆಸರಿಗೆ ಕೂರುತ್ತದೆ. ಪೂರ್ತಿ ಏರಿದ್ದರೆ ಹಕ್ಕಿಗೆ ಕಾಲೂರಲು ಜಾಗವಿಲ್ಲ, ಅವು ಬೇರೆಡೆಗೆ ಹೋಗಿರುತ್ತವೆ. ನಡುವಿನ ಹೊತ್ತೇ ಸರಿ. ಇಂಥದೊಂದು ಫೆಬ್ರವರಿಯ ಬೆಳಿಗ್ಗೆ ಮಗಳೂ ನಾನೂ ಕಿತ್ತಳೆ ಬಣ್ಣದ ಜಾಕೀಟು ತೊಟ್ಟು ಕೂತೆವು. ದೋಣಿ ನಡೆಸುವವ ಕೋಳಿವಾಡದ ಹುಡುಗ. ನಾನು ಮರಾಠಿಯಲ್ಲಿ ಮಾತಾಡಿಸಿದೆ. ಅವನ ಅಜ್ಜಿಯೂ ನಿವಟಿ ಹಿಡಿಯುತ್ತಿದ್ದಳಂತೆ. ಈಗ ಮೀನು ಕಡಿಮೆ, ಬಲೆ ಹಾಕಿದರೆ ಪ್ಲಾಸ್ಟಿಕ್ಕೇ ಹೆಚ್ಚು ಬರುತ್ತದೆ, ಈ ದೋಣಿಯ ಕೆಲಸ ಸೀಸನ್ನಿನಲ್ಲಿ ಮಾತ್ರ ಎಂದ.

ಸೇತುವೆ ಕೆಳಗೆ ದಾಟಿ ಒಂದು ತಿರುವಿನಲ್ಲಿ ಎಂಜಿನ್ ಸಣ್ಣದು ಮಾಡಿದ. ದೂರಕ್ಕೆ ಕೆಸರಿನ ಅಂಚು ಪೂರ್ತಿ ಗುಲಾಬಿಯಾಗಿತ್ತು. ಹತ್ತಿರ ಹೋದಂತೆ ಅದು ಒಂದೊಂದೇ ಹಕ್ಕಿಯಾಗಿ ಬಿಡಿಸಿಕೊಂಡಿತು. ಹೆಚ್ಚಿನವು ಸಣ್ಣ ರಾಜಹಂಸ, ಕೊಕ್ಕು ಕಡುಗೆಂಪು, ದೂರಕ್ಕೆ ಕಪ್ಪಾಗಿಯೇ ಕಾಣುತ್ತದೆ. ನಡುನಡುವೆ ದೊಡ್ಡ ರಾಜಹಂಸ, ಎತ್ತರ, ಬಿಳುಪು ಹೆಚ್ಚು, ತಿಳಿಗುಲಾಬಿ ಕೊಕ್ಕಿಗೆ ತುದಿಯಲ್ಲಿ ಮಾತ್ರ ಕಪ್ಪು. ಒಂದು ಹಕ್ಕಿಯನ್ನೇ ಹಿಡಿದು ನೋಡಿದೆ. ಕುತ್ತಿಗೆ ಇಳಿಸಿ ತಲೆಯನ್ನು ತಲೆಕೆಳಗು ಮಾಡಿತು, ಮೇಲಿನ ಕೊಕ್ಕು ಕೆಳಗಾಯಿತು. ಹಾಗೆಯೇ ನೀರಿನ ಮೇಲ್ಪದರದಲ್ಲಿ ಕೊಕ್ಕನ್ನು ಎಡಬಲಕ್ಕೆ ಆಡಿಸುತ್ತ ಹೆಜ್ಜೆ ಹಾಕಿತು. ಗಂಟಲ ಹತ್ತಿರ ಬಿಡದೆ ಒಂದು ಮಿಡಿತ ಕಾಣುತ್ತಿತ್ತು. ನಾಲಗೆ ಒಳಗೆ ಹೊರಗೆ ಓಡಿ ನೀರು ಎಳೆದು, ಕೊಕ್ಕಿನೊಳಗಿನ ಸಣ್ಣ ಜರಡಿಯಲ್ಲಿ ಪಾಚಿ ಹಿಡಿದು, ನೀರನ್ನು ಹೊರಹಾಕುವ ಕೆಲಸ ಅದು. ಅದರ ಪಕ್ಕದ್ದೊಂದು ನಿಂತಲ್ಲೇ ಕಾಲು ತುಳಿದು ಕೆಸರು ಕದಡುತ್ತಿತ್ತು. ಬೂದು ಬಣ್ಣದ ಮರಿಗಳು ಗುಂಪಿನ ಅಂಚಿನಲ್ಲಿದ್ದವು. ಗದ್ದಲ ಬಹಳ. ದೋಣಿಯಲ್ಲಿ ಎಲ್ಲರೂ ಫೋಟೋ ತೆಗೆಯುತ್ತಿದ್ದರು, ನನಗೆ ನೋಡುವುದೇ ಸಾಕಾಗಲಿಲ್ಲ. ಆ ಕೆಸರಿನಲ್ಲಿ ತಿನ್ನುವಂಥದು ಇಷ್ಟಿದೆ ಎಂದು ಅಲ್ಲಿ ದುಡಿದ ನಮಗೆ ಯಾರೂ ಹೇಳಿರಲಿಲ್ಲ. ಕೋಳಿವಾಡದ ಹೆಂಗಸರಿಗೆ ಗೊತ್ತಿತ್ತು, ಅವರನ್ನು ಯಾರೂ ಕೇಳಿರಲಿಲ್ಲ.

ಒಂದು ಗಂಟೆಯ ಮೇಲೆ ನೀರು ಏರತೊಡಗಿತು. ಕೆಸರಿನ ಪಟ್ಟಿ ಕಿರಿದಾದಂತೆ ಹಕ್ಕಿಗಳು ಒತ್ತೊತ್ತಾಗಿ ಸರಿದು, ಆಮೇಲೆ ತಂಡತಂಡವಾಗಿ ಎದ್ದವು. ಎದ್ದವು ದಕ್ಷಿಣಕ್ಕೆ, ವಾಶಿ ಸೇತುವೆಯ ಆಚೆಗೆ ಹೋದವು. ಎಲ್ಲಿಗೆ ಎಂದು ಕೇಳಿದೆ. ನೇರೂಳಕ್ಕೆ ಎಂದ ಹುಡುಗ.

ನನಗೆ ಹೇಳಬೇಕಾದದ್ದು ಮುಖ್ಯವಾಗಿ ಇದೇ. ಧಾಮದ ಗೆರೆ ಎರಡು ಸೇತುವೆಗಳ ನಡುವೆ ಇದೆ. ಹಕ್ಕಿಯ ದಿನ ಆ ಗೆರೆಯೊಳಗೆ ಮುಗಿಯುವುದಿಲ್ಲ. ಇಳಿತದಲ್ಲಿ ಅದು ಧಾಮದಲ್ಲಿ ತಿನ್ನುತ್ತದೆ, ಭರತದಲ್ಲಿ ನಿಲ್ಲಲು, ಮಲಗಲು ನೇರೂಳದ ಕೆರೆ, ಆಸುಪಾಸಿನ ಜೌಗು, ಉರಣದ ಪಾಂಜೆಯ ಜೌಗು ಬೇಕು. ಊಟದ ಮನೆಯನ್ನು ಕಾಯ್ದು ಮಲಗುವ ಮನೆಯನ್ನು ಮಾರಿದರೆ ಅದು ರಕ್ಷಣೆಯಲ್ಲ. 2024ರ ಬೇಸಿಗೆಯಲ್ಲಿ ನೇರೂಳದ ಆ ಕೆರೆಗೆ ಭರತದ ನೀರು ಬರುವ ದಾರಿ ಮುಚ್ಚಿಹೋಗಿ ಕೆರೆ ಒಣಗಿತು, ಹಕ್ಕಿಗಳು ಸತ್ತವು. ಅದೇ ಮೇ 20ರ ರಾತ್ರಿ ಘಾಟಕೋಪರದ ಮೇಲೆ ದುಬೈಯಿಂದ ಇಳಿಯಲು ಬರುತ್ತಿದ್ದ ವಿಮಾನಕ್ಕೆ ಒಂದು ತಂಡ ಸಿಕ್ಕಿ ಮೂವತ್ತಕ್ಕೂ ಹೆಚ್ಚು ರಾಜಹಂಸಗಳು ಮನೆಗಳ ನಡುವೆ ಬಿದ್ದವು. ಕೆರೆ ಒಣಗಿದ್ದರಿಂದಲೇ ಹಕ್ಕಿ ದಾರಿ ಬದಲಿಸಿದ್ದು ಎಂದು ಪರಿಸರದವರು ವಾದಿಸಿದರು. ಆ ಎರಡು ಘಟನೆಗಳ ನಂಟನ್ನು ನಾನು ಸಾಧಿಸಲಾರೆ. ಆದರೆ ಕೆರೆ ಒಣಗಿದ್ದೊಂದೇ ಸಾಕು ತಪ್ಪು ತೋರಿಸಲು. 2025ರ ಏಪ್ರಿಲಿನಲ್ಲಿ ಮಹಾರಾಷ್ಟ್ರ ಸರ್ಕಾರ ಆ 30 ಎಕರೆ ಕೆರೆಯನ್ನು ಸಂರಕ್ಷಿತ ಮೀಸಲು ಪ್ರದೇಶ ಎಂದು ಒಪ್ಪಿತು. ಊರಿನವರು ವರ್ಷಗಟ್ಟಲೆ ಅರ್ಜಿ ಬರೆದು, ಕೆರೆ ದಂಡೆಯಲ್ಲಿ ಕೈ ಕೈ ಹಿಡಿದು ನಿಂತು ತಂದ ಒಪ್ಪಿಗೆ ಅದು. ಪಾಂಜೆಗೂ ಇಂಥದೇ ರಕ್ಷಣೆ ಬೇಕು ಎಂಬ ಬೇಡಿಕೆ ಹಳೆಯದು.

ಕಟ್ಟುವ ಕೆಲಸವಂತೂ ನಿಂತಿಲ್ಲ. ಶಿವಡಿಯ ಕೆಸರುಬಯಲಿನ ಮೇಲಿಂದಲೇ 21.8 ಕಿ.ಮೀ.ಯ ಅಟಲ್ ಸೇತು ಹೊರಟು 2024ರ ಜನವರಿಯಲ್ಲಿ ತೆರೆಯಿತು. ಅಹಮದಾಬಾದಿನ ಬುಲೆಟ್ ರೈಲಿಗೆ ಠಾಣೆ ಖಾಡಿಯ ತಳದಲ್ಲಿ ಸುಮಾರು 7 ಕಿ.ಮೀ. ಸುರಂಗ. ಖಾಡಿಯ ಮೇಲೆ ಕಂಬ ನೆಡುವ ಬದಲು ಸುರಂಗ ಆರಿಸಿದ್ದು ಧಾಮ ಇದ್ದುದರಿಂದ. ಗೆರೆ ಎಳೆದು ಕಾಗದ ಮಾಡಿದರೆ ಇಂಜಿನಿಯರು ಬೇರೆ ದಾರಿ ಹುಡುಕುತ್ತಾನೆ ಎಂಬುದಕ್ಕೆ ಇದು ಸಾಕ್ಷಿ. ನಾವು ಮುರುಮ ಹೊತ್ತ ಕಾಲದಲ್ಲಿ ಆ ಕಾಗದ ಇರಲಿಲ್ಲ. ಕೆಸರು ಎಂದರೆ ತುಂಬಬೇಕಾದ ಜಾಗ ಎಂದೇ ಎಲ್ಲ ನಕ್ಷೆಗಳೂ ಹೇಳುತ್ತಿದ್ದವು.

ವಾಪಸು ಬರುವಾಗ ಹಗಲು ರೈಲು ಹಿಡಿದೆ. ಭಿಗವಣ ಬಂದಾಗ ಮಗಳು ಫೋನಿನಲ್ಲಿ ನೆನಪಿಸಿದಳು, ಅಲ್ಲಿಯೂ ರಾಜಹಂಸ ಬರುತ್ತವೆ. ಉಜನಿ ಅಣೆಕಟ್ಟಿನ ಹಿನ್ನೀರು ಅದು, ನಮ್ಮ ಭೀಮೆಯ ನೀರು. ಉಜನಿಯಿಂದ ಬಿಟ್ಟ ನೀರೇ ಅಫಜಲಪುರದ ಸೊನ್ನ ಬ್ಯಾರೇಜಿಗೆ ಬರುವುದು. ಬೇಸಿಗೆಯಲ್ಲಿ ನೀರು ಬಿಡಿ ಎಂದು ನಮ್ಮವರು ಮಹಾರಾಷ್ಟ್ರಕ್ಕೆ ಪತ್ರ ಬರೆಯುವುದೂ, ಮಳೆಗಾಲದಲ್ಲಿ ಬಿಟ್ಟ ನೀರಿಗೆ ಊರು ಮುಳುಗುವುದೂ ಆ ಅಣೆಕಟ್ಟಿನಿಂದಲೇ. ಇಷ್ಟು ವರ್ಷ ಆ ಹಳಿಯ ಮೇಲೆ ಓಡಾಡಿದ ನಾವು ಯಾರೂ ಭಿಗವಣದಲ್ಲಿ ಹಕ್ಕಿಗಾಗಿ ಕಿಟಕಿಯತ್ತ ತಿರುಗಿದ್ದಿಲ್ಲ.

ಕಲಬುರಗಿ ಜಿಲ್ಲೆಗೆ ಚಿಂಚೋಳಿಯ ವನ್ಯಧಾಮ ಇದೆ, 2011ರಲ್ಲಿ ಆದದ್ದು. ಅದು ಒಣಕಾಡು. ನೀರಿನ ಮಾತಿಗೆ ಬಂದರೆ ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವ ದಾರಿಯಲ್ಲಿ ಕುರಿಕೋಟಾ ಸೇತುವೆಯ ಕೆಳಗೆ ಬೆಣ್ಣೆತೊರೆಯ ಹಿನ್ನೀರು ಹರಡಿರುತ್ತದೆ. ಚಳಿಗಾಲದಲ್ಲಿ ಅಲ್ಲಿ ಬಾತುಗಳ ಹಿಂಡು ಕೂರುವುದನ್ನು ಬಸ್ಸಿನಿಂದ ನೋಡಬಹುದು. ಆ ಸೇತುವೆ ಪೇಪರಿಗೆ ಬರುವುದು ಅಪಘಾತಕ್ಕೆ, ಪ್ರವಾಹಕ್ಕೆ, ಜೀವ ಕಳಕೊಂಡವರಿಗೆ. ಅಂಚಿನ ಹೊಲಗಳಲ್ಲಿ ಪಂಪು, ದಂಡೆಯಲ್ಲಿ ಊರಿನ ಕಸ. 2024ರ ಜನವರಿಯಲ್ಲಿ ಕರ್ನಾಟಕದ ಮೂರು ಜಾಗಗಳು ರಾಮ್ಸಾರ್ ಪಟ್ಟಿಗೆ ಸೇರಿದವು. ಅಘನಾಶಿನಿ ಅಳಿವೆ, ಗದಗದ ಮಾಗಡಿ ಕೆರೆ, ಹಗರಿಬೊಮ್ಮನಹಳ್ಳಿಯ ಅಂಕಸಮುದ್ರ. ಕೊನೆಯ ಎರಡೂ ನಮ್ಮಂಥದೇ ಒಣನಾಡಿನ ಕೆರೆಗಳು, ಊರಿನವರು ನೀರು ಬಿಡಿಸಿ, ಬೇಟೆ ತಡೆದು ಕಾಯ್ದುಕೊಂಡವು. ಬೆಣ್ಣೆತೊರೆಯ ಹಿನ್ನೀರನ್ನು ಕಾಯಲು ಸಮುದ್ರ ಬೇಕಾಗಿಲ್ಲ. ಯಾವ ಹಕ್ಕಿ ಎಷ್ಟು ಬರುತ್ತವೆ ಎಂದು ಕೂತು ಎಣಿಸುವವರು ಮೊದಲು ಬೇಕು. ನನ್ನ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರನ್ನು ಈ ಚಳಿಗಾಲಕ್ಕೆ ಒಪ್ಪಿಸಿದ್ದೇನೆ.

ಕಾಕಾ ಈಗ ಕಮಲಾಪುರದಲ್ಲೇ ಇದ್ದಾನೆ, ಎಂಬತ್ತು ದಾಟಿದೆ. ಅವನು ಗುಳೆ ಹೋಗುತ್ತಿದ್ದಾಗ ಹೋಬಳಿಯಾಗಿದ್ದ ಊರು 2018ರಲ್ಲಿ ತಾಲ್ಲೂಕಾಗಿದೆ. 2017ರಲ್ಲಿ ಬೀದರ ಹಳಿ ಆದ ಮೇಲೆ ಅವನ ಊರಿಗೇ ರೈಲು ಬಂದಿದೆ. ಕೆಂಪು ಬಾಳೆ ಬೆಳೆಯುವವರು ಕಡಿಮೆಯಾಗಿದ್ದಾರೆ, ಒಂದೂವರೆ ವರ್ಷ ಕಾಯುವ ಬೆಳೆ ಯಾರಿಗೂ ಬೇಡ. ದೋಣಿಯಲ್ಲಿ ತೆಗೆದ ವಿಡಿಯೋವನ್ನು ಮಗಳ ಫೋನಿನಿಂದ ತರಿಸಿಕೊಂಡು ಅವನಿಗೆ ತೋರಿಸಿದೆ. ಕಣ್ಣಿನ ಹತ್ತಿರ ಹಿಡಿದು ಪೂರ್ತಿ ನೋಡಿದ. ಗಿಡ ಎಷ್ಟು ಎತ್ತರ ಆಗಿವೆ ಎಂದು ಕೇಳಿದ. ಕಟ್ಟಡದ ಎರಡನೇ ಮಹಡಿಯಷ್ಟು ಎಂದೆ. ಆಮೇಲೆ ಕೇಳಿದ:

"ಕೋಳಿವಾಡದ ಮಂದಿ ಹ್ಯಾಂಗ ಅದಾರ? ಮೀನ ಸಿಗ್ತಾವೇನು ಅವರಿಗಿ?"

"ಕಮ್ಮಿ ಆಗ್ಯಾವಂತ ಕಾಕಾ. ಹುಡುಗರು ಈಗ ದೋಣಿ ನಡಸ್ಲತಾರ, ಹಕ್ಕಿ ನೋಡೋರನ್ನ ಕರಕೊಂಡು ಹೋಗ್ತಾರ."

"ಹಕ್ಕಿ ಹನ್ನೆರಡು ತಿಂಗಳು ಇರ್ತಾವೇನು?"

ಇರುವುದಿಲ್ಲ ಎಂದೆ. ನವೆಂಬರಿನಿಂದ ಮೇವರೆಗೆ ಬರುತ್ತವೆ, ಮಳೆ ಹಿಡಿದರೆ ಹೋಗುತ್ತವೆ, ದೋಣಿಯೂ ನಿಲ್ಲುತ್ತದೆ. ಉಳಿದ ತಿಂಗಳುಗಳಿಗೆ ಆ ಹುಡುಗರು ಕಂಪನಿಗಳಲ್ಲಿ ಕಾವಲು ಕೆಲಸ, ಡೆಲಿವರಿ ಕೆಲಸ ಹಿಡಿಯುತ್ತಾರೆ ಎಂದು ದೋಣಿಯವ ಹೇಳಿದ್ದನ್ನು ತಿಳಿಸಿದೆ. ಹಾಗಾದರೆ ಅವರೂ ಗುಳೆಯವರೇ ಆದರಲ್ಲ ಎಂದು ಕಾಕಾ ಫೋನು ವಾಪಸು ಕೊಟ್ಟ. ಧಾಮದ ದೋಣಿಯ ಕೆಲಸ ಹಾಗೂ ಕೇಂದ್ರದ ನೌಕರಿಗಳಲ್ಲಿ ಆ ದಂಡೆಯ ಕೋಳಿವಾಡಗಳಿಗೆ ವರ್ಷಪೂರ್ತಿ ಪಾಲು ಇರಬೇಕು, ಖಾಡಿಗೆ ಬೀಳುವ ಕಾರ್ಖಾನೆ ನೀರನ್ನು ಶುದ್ಧ ಮಾಡಿಯೇ ಬಿಡುವಂತೆ ನೋಡಿಕೊಳ್ಳಬೇಕು, ಆಗ ಮೀನೂ ಒಂದಿಷ್ಟು ತಿರುಗಿ ಬಂದೀತು. ಕೇಂದ್ರದವರು ಕೊಟ್ಟ ಅಭಿಪ್ರಾಯದ ಪುಸ್ತಕದಲ್ಲಿ ನಾನು ಬರೆದು ಸಹಿ ಮಾಡಿ ಬಂದದ್ದೂ ಇದನ್ನೇ.